ಹಳೆಯದನ್ನು ಕೊಟ್ಟು ತಂದದ್ದು

ವ್ಯಾನಿನ ಇಂಜಿನ್ ಚಾಲೂ ಆಯಿತು. ಬ್ಯಾಟರಿಯ ಕೆಂಪು ದೀಪ ಮಾತ್ರ ಆರಲೊಲ್ಲದು! ಬೆಳಿಗ್ಗೆ ಅದು ಹತ್ತಿಕೊಂಡಾಗಲೇ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಹೋಯಿತೆಂದು ಅವಳೇ ತೀರ್ಮಾನಿಸಿ, ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಕೈಗೆಟುಕುವ ಬೆಲೆಗೆ ಹಳೆಯದೊಂದನ್ನು ತಂದು, ತಾನೇ ಕೂರಿಸಿ ಬೆಲ್ಟು ಬಿಗಿದಿದ್ದಳು. ಈಗ ಗಂಟೆ ಒಂದೂವರೆ. ಮೂರೂವರೆಗೆ ಶಾಲೆ ಬಿಡುತ್ತದೆ, ಆರು ಮಕ್ಕಳನ್ನು ಮನೆ ಮುಟ್ಟಿಸಬೇಕು. "ಇನ್ನೊಂದ್ಸಲ ಕೈಕೊಟ್ರೆ ಬೇರೆ ಗಾಡಿ ನೋಡ್ಕೋತೀವಿ" ಎಂದು ತಾಯಂದಿರು ಮೊನ್ನೆಯೇ ಮುಖಕ್ಕೆ ಹೊಡೆದಂತೆ ಹೇಳಿದ್ದರು. ಆ ಮಕ್ಕಳ ಬಾಡಿಗೆಯಿಂದಲೇ ಅವಳ ಮನೆ ನಡೆಯುತ್ತಿತ್ತು.

ಮೂರು ಸಲ ಫೋನು ಮಾಡಿದ ಮೇಲೆ ಎಲೆಕ್ಟ್ರಿಷಿಯನ್ ಬಂದ. ಬಾನೆಟ್ಟಿನೊಳಗೆ ತಲೆ ತೂರಿಸಿ ಅರ್ಧ ಗಂಟೆ ಗುದ್ದಾಡಿದ.

"ಅಕ್ಕಾ, ಬ್ಯಾಟರಿಗೆ ಹೋಗೋ ತಂತಿ ಸುಟ್ಟಿತ್ತು, ಅಷ್ಟೇ. ಬದಲಾಯ್ಸಿದೀನಿ. ಆದ್ರೂ ಚಾರ್ಜ್ ಬರ್ತಿಲ್ಲ. ನೀವು ತಂದಿರೋದೇ ಸತ್ತಿದೆ. ನಿಮ್ಮ ಹಳೇದೇ ಹಾಕ್ಬಿಡೋಣ, ಎಲ್ಲಿ?"

"ಅದನ್ನ ಕೊಟ್ರೆ ಕಮ್ಮಿ ಮಾಡ್ತೀನಿ ಅಂದ ಗುಜರಿಯವನು. ಕೊಟ್ಬಂದೆ."

"ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

ಕೇಳಿದ್ದರೆ ಇವನಿಗೂ ದುಡ್ಡು ಕೊಡಬೇಕಿತ್ತಲ್ಲ! ತನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎಂದುಕೊಳ್ಳುತ್ತ, ಸತ್ತದ್ದನ್ನು ಬಿಚ್ಚಿ ಚೀಲಕ್ಕೆ ತುರುಕಿಕೊಂಡು ಅವಳು ಗುಜರಿ ಅಂಗಡಿಗೆ ಓಡಿದಳು.

ಬೆಳಿಗ್ಗೆ ಮಾರಿದವನು ಊಟಕ್ಕೆ ಹೋಗಿದ್ದ. ಗಲ್ಲಾದಲ್ಲಿ ಅವನ ಅಪ್ಪ ಕೂತಿದ್ದ.

"ಮಾರಿದ್ದು ವಾಪಸ್ ತಗೊಳಲ್ಲಮ್ಮ. ಗುಜರಿ ಮಾಲಿಗೆ ಎಂಥಾ ಗ್ಯಾರಂಟಿ? ಒಳ್ಳೇದು ಬೇಕಂದ್ರೆ ಇಲ್ನೋಡಿ, ಇವತ್ತೇ ಬಂದಿದೆ."

ಬೆಳ್ಳಿ ಬಣ್ಣ ಬಳಿದು ಫಳಫಳ ಹೊಳೆಯುತ್ತಿತ್ತು. ಹೋದ ವರ್ಷ ತಾನೇ ಹಾಕಿದ್ದ ಅಳತೆ ತಪ್ಪಿದ ಬೋಲ್ಟು ಅದರ ಹಿಂಭಾಗದಲ್ಲಿ ಕಂಡು ಅವಳು ಬಗ್ಗಿ ನೋಡಿದಳು. ಮುದುಕ ಅದನ್ನು ಮೋಟರಿಗೆ ಜೋಡಿಸಿ ತಿರುಗಿಸಿದ. ಮೀಟರಿನ ಮುಳ್ಳು ನೆಟ್ಟಗೆ ಹದಿನಾಲ್ಕು ವೋಲ್ಟಿಗೆ ಹೋಗಿ ನಿಂತಿತು.

"ಯಾರೋ ಮಗು ಥರ ನೋಡ್ಕೊಂಡಿದಾರೆ, ನೋಡಿ! ಅದಕ್ಕೇ ಇದಕ್ಕೆ ಡಬಲ್ ರೇಟು."

ಇದು ನಂದು ಕಣ್ರೀ ಎಂಬ ಕೂಗು ಗಂಟಲವರೆಗೆ ಬಂತು. ಜಗಳ ತೆಗೆದರೆ ಮಗ ಬರಬೇಕು, ಜನ ಸೇರಬೇಕು, ಸಾಕ್ಷಿ ಕೇಳಬೇಕು. ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತು. ಅಳು ಬರುವಷ್ಟು ಸಿಟ್ಟು ಬಂತು. ಪರ್ಸು ತೆರೆದು, ಆಟೋಗೆ ಬೇಕಾದಷ್ಟನ್ನು ಬಿಟ್ಟು ಇದ್ದಬದ್ದದ್ದನ್ನೆಲ್ಲ ಗಲ್ಲಾದ ಮೇಲಿಟ್ಟಳು.

"ನಿಮ್ ಗಾಡಿಗೆ ಸರಿಹೋಗುತ್ತೋ ಇಲ್ವೋ ನೋಡ್ಕೊಳಿ," ಎಂದ ಮುದುಕ. "ಆಮೇಲೆ ನನ್ನ ಬೈಬೇಡಿ."

"ಸರಿಹೋಗುತ್ತೆ," ಎಂದಳು.

ಆಟೋದಲ್ಲಿ ಅದನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಅವುಚಿಕೊಂಡಳು. ಇನ್ನೂ ಒಣಗದ ಬಣ್ಣ ಅವಳ ಬೆರಳುಗಳಿಗೆಲ್ಲ ಅಂಟುತ್ತಿತ್ತು.