ಎಲ್ಲರ ಕಾರ್ಡಿನಲ್ಲೂ ಚಂದ್ರವ್ವ

ಮಾಗಿಯ ಚಳಿ ಬಿಸಿಲಿಗೆ ಸಡಿಲಾಗುವ ಹೊತ್ತು. ತುಮಕೂರು ರಸ್ತೆಯ ಮಾಕಳಿಯಲ್ಲಿ ಲಕ್ಕಮ್ಮನ ಮನೆಯಂಗಳದಲ್ಲಿ ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳು ದೊಡ್ಡ ಪಾತ್ರೆಯ ತುಂಬ ಉಬ್ಬಿಕೊಂಡಿತ್ತು. ಲಕ್ಕಮ್ಮ ಗೋಡೆಗೆ ಬೆನ್ನು ಕೊಟ್ಟು, ಚಂದ್ರವ್ವ ಕುಕ್ಕರುಗಾಲಲ್ಲಿ ಕೂತು, ಕಾಳು ಹಿದುಕುತ್ತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಬೋಗುಣಿಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ವಿಜಯಪುರದ ಕಡೆಯಿಂದ ಬಂದು ಲಕ್ಕಮ್ಮನ ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದ ಚಂದ್ರವ್ವನಿಗೆ ಈ ಕೆಲಸ ಹೊಸದು. ಅವಳ ಗಂಡ ಅಪ್ಪಾಸಾಹೇಬ ಹತ್ತಿರದ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ತಗಡು ಒತ್ತುವ ಪ್ರೆಸ್ ಮೆಷೀನು ನಡೆಸುತ್ತಿದ್ದ.

"ನೀನು ಒಂದು ಕಾಳು ಇದುಕೋ ಒತ್ಗೆ ಅವರೇಕಾಯ್ ಕಾಲಾನೇ ಮುಗ್ದೋಯ್ತದೆ ಕಣಮ್ಮಿ," ಎಂದು ಲಕ್ಕಮ್ಮ ನಕ್ಕಳು.

"ನಮ್ಮ ಕಡೆ ಕಾಳಿಗೆ ಇಷ್ಟು ಮುದ್ದು ಮಾಡಂಗಿಲ್ರೀ ಅಮ್ಮಾರ. ಸಿಪ್ಪಿ ಸುದ್ದಾ ಹೊಟ್ಟಿಗೆ."

ಫೋನು ಬಂದದ್ದು ಆಗ. ಚಂದ್ರವ್ವ ಮೊಣಕೈಯಿಂದ ಸೆರಗು ಸರಿಸಿ, ಒದ್ದೆ ಬೆರಳಲ್ಲೇ ಒತ್ತಿ ಕಿವಿಗೆ ಹಿಡಿದಳು.

"ಚಂದ್ರವ್ವ ಅವರಾ? ಆಸ್ಪತ್ರೆಯಿಂದ ಮಾತಾಡ್ತಿರೋದು. ನಿಮ್ಮ ಯಜಮಾನ್ರಿಗೆ ಫ್ಯಾಕ್ಟ್ರೀಲಿ ಕೈಗೆ ಪೆಟ್ಟಾಗಿದೆ. ತಕ್ಷಣ ಬನ್ನಿ, ಆಪರೇಷನ್‌ಗೆ ಸೈನ್ ಬೇಕು."

ಅವಳು ಗಕ್ಕನೆ ಎದ್ದು ನಿಂತಳು. ಕೈಯಲ್ಲಿದ್ದ ಕಾಳು ಹಾಗೇ ಇತ್ತು. ಲಕ್ಕಮ್ಮನೇ ಫೋನು ಕಿತ್ತುಕೊಂಡು ಯಾವ ಆಸ್ಪತ್ರೆ ಎಂದು ಕೇಳಿ, ಮಗ ಶರತ್‌ನನ್ನು ಕೂಗಿ ಕಾರು ಹೊರಡಿಸಿದಳು. ತುಮಕೂರು ರಸ್ತೆಯಲ್ಲಿ ಲಾರಿಗಳ ಹಿಂದೆ ಕಾರು ತೆವಳುತ್ತಿದ್ದಾಗ ಚಂದ್ರವ್ವ ಗಂಡನ ನಂಬರಿಗೆ ಫೋನು ಹಚ್ಚಿದಳು. ಕೆಲಸಕ್ಕೆ ಇಳಿಯುವವರು ಫೋನನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಅದು ಅಲ್ಲೇ ಬಡಿದುಕೊಂಡು ಸುಮ್ಮನಾಗುತ್ತಿತ್ತು.

"ಯಾವ ಕೈ ಅಂತ ಕೇಳಲೇ ಇಲ್ಲ ನಾ," ಎಂದಳು.

ಆಸ್ಪತ್ರೆಯ ಬಾಗಿಲಲ್ಲಿ ಸಿದ್ದಲಿಂಗ ನಿಂತಿದ್ದ. ಅವರ ಊರಿನವನೇ, ಅವಳಿಗೆ ಮೈದುನನ ಹಾಗೆ; ಕಾರ್ಖಾನೆಗೆ ಆಳು ಒದಗಿಸುವ ಗುತ್ತಿಗೆದಾರನ ಬಳಿ ಗುಮಾಸ್ತ. ಅಂಗಿಯ ತೋಳು ರಕ್ತವಾಗಿತ್ತು. ಚಂದ್ರವ್ವನನ್ನು ಕಂಡು ಕಣ್ಣರಳಿಸಿದ.

"ವೈನಿ, ನೀವ್ಯಾಕ ಬಂದ್ರಿ?"

"ಎಲ್ಲದಾರೋ ಅವ್ರು? ಉಸುರು ಅದ ಇಲ್ಲೋ, ಅಷ್ಟು ಹೇಳು."

"ಯಾರು? ಅಪ್ಪಾಸಾಹೇಬಣ್ಣನಾ? ಅಣ್ಣ ಮಷೀನ್ ಮ್ಯಾಲ ಅದಾನ. ಅವಗೇನಾಗ್ಯದ?"

ಚಂದ್ರವ್ವ ಫೋನು ತೆಗೆದು ಆಸ್ಪತ್ರೆಯಿಂದ ಬಂದ ನಂಬರು ತೋರಿಸಿದಳು. ಅಷ್ಟರಲ್ಲಿ ಒಳಗಿನಿಂದ ನರ್ಸ್ ಬಂದು, "ಚಂದ್ರವ್ವ ಯಾರು? ಶರಣು ಅವರ ಹೆಂಡ್ತಿ?" ಎಂದು ಕೂಗಿದಳು.

ಪರದೆಯ ಆಚೆ ಮಲಗಿದ್ದವನನ್ನು ಚಂದ್ರವ್ವ ಗುರುತಿಸಿದಳು. ಶರಣು, ಯಾದಗಿರಿ ಕಡೆಯವನು, ಇಪ್ಪತ್ತೆಂಟರ ಆಳು. ಕೆಲಸಕ್ಕೆ ಸೇರಿ ಮೂರು ವಾರ. ಒಮ್ಮೆ ಅವಳ ಮನೆಗೆ ಬಂದು ಶೇಂಗಾ ಚಟ್ನಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದ. ಈಗ ಮದ್ದಿನ ಮಂಪರಿನಲ್ಲಿದ್ದ. ಬಲಗೈ ಎಂಬುದು ಬಟ್ಟೆಯ ದೊಡ್ಡ ಗಂಟಾಗಿತ್ತು.

ನರ್ಸ್ ಅವನ ಕೊರಳ ಕಾರ್ಡನ್ನು ಮುಂದೆ ಹಿಡಿದಳು. ಫೋಟೋ ಅವನದು, ಹೆಸರು ಅವನದು. ಅದರ ಕೆಳಗೆ 'ಪತ್ನಿ: ಚಂದ್ರವ್ವ' ಎಂದಿತ್ತು. ನಂಬರು ಅವಳದು. ರಕ್ತದ ಗುಂಪು ಅಪ್ಪಾಸಾಹೇಬನದು.

"ಇದೇನೋ ಸಿದ್ದಲಿಂಗ?"

ಸಿದ್ದಲಿಂಗ ಕಾರ್ಡನ್ನು ತಿರುವಿ ಮುರುವಿ ನೋಡಿದ.

"ವೈನಿ, ಆ ಕಾರ್ಡಿನ ಫಾರ್ಮ್‌ನಾಗ ಒಂದ್ ಕಡೆ ಹೆಸರು ಹಾಕಿದ್ರ ಒಂಬತ್ತು ಕಡೆ ತಾನಽ ಬೀಳ್ತದ. ನಿಮ್ಮ ಮನ್ಯಾಗಽ ಕುಂತು ಮಾಡಿದ್ನಲ್ಲ. ಮೊದಲ ಅಣ್ಣಂದು ತುಂಬಿದೆ. ಆಮ್ಯಾಲ ಅದನ್ನಽ ತಗದು ಬರೇ ಹೆಸರು ಬದಲಿಸಿದೆ. ಹೆಸರು ಎಲ್ಲಾ ಕಡೆ ಬದಲಾತು. ಉಳಿದದ್ದೂ ಅದರ ಹಿಂದಽ ಬದಲಾಗಿರ್ತದ ಅಂತ..."

ಎರಡು ವಾರದ ಹಿಂದಿನ ಆ ಸಂಜೆಯದು ಚಂದ್ರವ್ವನ ನೆನಪಿಗೆ ಬಂತು. ರೊಟ್ಟಿ ತಟ್ಟುತ್ತಲೇ ಅವಳು ಲ್ಯಾಪ್‌ಟಾಪಿನೊಳಗೆ ಇಣುಕಿದ್ದಳು. ಗಂಡನ ಹೆಸರು ಒಮ್ಮೆಗೇ ಒಂಬತ್ತು ಕಡೆ ಮೂಡಿದ್ದನ್ನು ನೋಡಿ, ಇನ್ನೊಮ್ಮೆ ಮಾಡಿ ತೋರಿಸು ಎಂದಿದ್ದಳು.

"ಎಷ್ಟು ಮಂದಿದು ಹಿಂಗ ಮಾಡೀ?"

"ನಲವತ್ತೆರಡು."

"ಅಷ್ಟೂ ಮಂದಿಗೆ ನಾನಽ?"

"ಹೂಂ ವೈನಿ."

"ರಕ್ತ ನಾವು ಟೆಸ್ಟ್ ಮಾಡ್ದೇ ಕೊಡಲ್ಲಮ್ಮ, ಅದು ಬೇರೆ ಇದೆ ಅಂತ ಆಗ್ಲೇ ಗೊತ್ತಾಯ್ತು," ಎಂದಳು ನರ್ಸ್. "ಇವರ ಹೆಂಡ್ತಿ ನಿಜವಾಗ್ಲೂ ಯಾರು?"

ಪುಟ್ಟೇನಹಳ್ಳಿಯಲ್ಲಿದ್ದಾಳೆ, ಶಿವಾನಿ ಅಂತ, ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ, ಮನೆ ಗೊತ್ತಿಲ್ಲ, ಎಂದ ಸಿದ್ದಲಿಂಗ. ಶರಣು ವಿವರ ಬರೆದುಕೊಟ್ಟ ಚೀಟಿಯನ್ನು ಅವನು ಅವತ್ತೇ ಹರಿದು ಎಸೆದಿದ್ದ. ಕಾರ್ಖಾನೆಯಿಂದ ಶರಣುವಿನ ಫೋನು ತರಿಸಿದ್ದರು, ಆದರೆ ಅದು ಹೆಬ್ಬೆರಳಿಟ್ಟರೆ ತೆರೆಯುವ ಫೋನು. ಬಲಗೈ ಹೆಬ್ಬೆರಳು. ಸಿದ್ದಲಿಂಗ ಆ ಬಟ್ಟೆಯ ಗಂಟನ್ನೊಮ್ಮೆ ನೋಡಿ ಫೋನನ್ನು ಜೇಬಿಗಿಟ್ಟುಕೊಂಡ.

ಡಾಕ್ಟರಮ್ಮ ನಿಂತೇ ಮಾತಾಡಿದರು. "ಮಣಿಕಟ್ಟಿನವರೆಗೆ ಜಜ್ಜಿಹೋಗಿದೆ, ಕೈ ಉಳಿಯಲ್ಲ. ತಡ ಆದಷ್ಟೂ ಮೇಲಕ್ಕೆ ಹೋಗುತ್ತೆ, ಮೊಣಕೈಯೂ ಹೋಗ್ಬಹುದು. ಮನೆಯವರಿಲ್ಲ ಅಂದ್ರೆ ಇಬ್ಬರು ಡಾಕ್ಟರ್ ಸೈನ್ ಮಾಡ್ಬೇಕು. ಇನ್ನೊಬ್ಬರು ಬೇರೆ ಆಪರೇಷನ್‌ನಲ್ಲಿದ್ದಾರೆ, ಬರೋಕೆ ಮುಕ್ಕಾಲು ಗಂಟೆ. ಗೊತ್ತಿರೋರು ಒಬ್ಬರು ಜವಾಬ್ದಾರಿ ತಗೊಂಡ್ರೆ ಈಗ್ಲೇ ಒಳಗೆ ಕರ್ಕೊಂಡು ಹೋಗ್ತೀನಿ."

ಎಲ್ಲರೂ ಸಿದ್ದಲಿಂಗನತ್ತ ನೋಡಿದರು.

"ನಾ ಒಲ್ಲೆರಿ. ಯಾವ ಕಾಗದಕ್ಕೂ ಸಹಿ ಹಾಕಬ್ಯಾಡ ಅಂತ ಕಾಂಟ್ರಾಕ್ಟರ್ ಫೋನ್ ಮಾಡಿ ಹೇಳ್ಯಾರ."

"ನಲವತ್ತೆರಡ್ ಜನಕ್ಕೆ ಒಬ್ಳೇ ಎಂಡ್ತೀನ ಕಟ್ದೋನು, ಒಂದ್ ಸೈನ್ ಆಕಕ್ಕೆ ಎದರ್ಕತೀಯೇನ್ಲಾ?" ಎಂದು ಲಕ್ಕಮ್ಮ ಅವನ ಮೇಲೆ ಹರಿಹಾಯ್ದಳು. ಆಮೇಲೆ ಚಂದ್ರವ್ವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ನೀನೂ ಆಕ್ಬೇಡ ಕಣಮ್ಮಿ. ನಾಳೆ ಅವಳು ಬಂದು, ನನ್ ಗಂಡನ್ ಕೈ ತೆಗಿ ಅನ್ನಕ್ಕೆ ನೀನ್ಯಾರೇ ಅಂದ್ರೆ ಏನಂತೀಯ?"

ಚಂದ್ರವ್ವ ಮಲಗಿದ್ದವನ ಮೊಣಕೈಯನ್ನು ನೋಡಿದಳು. ಅದು ಇನ್ನೂ ಸರಿಯಾಗಿತ್ತು. ಚರ್ಮದ ಮೇಲೆ ಹಳೆಯದೊಂದು ಸುಟ್ಟ ಕಲೆ.

"ಎಲ್ಲಿ ಮಾಡಬೇಕ್ರಿ ಸಹಿ?"

ಐದು ಹಾಳೆಗಳಿದ್ದವು. ಕಾರ್ಡಿನಿಂದ ಆಸ್ಪತ್ರೆಯ ಕಂಪ್ಯೂಟರಿಗೆ ಒಮ್ಮೆ ಹೋದದ್ದು ಐದರಲ್ಲೂ ಅಚ್ಚಾಗಿ ಬಂದಿತ್ತು: ಪತ್ನಿ, ಪತ್ನಿ, ಪತ್ನಿ. ಅವಳು ಪೆನ್ನು ಹಿಡಿದು ಒಂದೊಂದರಲ್ಲೂ ಆ ಮಾತಿನ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ 'ಪರಿಚಯದವಳು' ಎಂದು ಬರೆದಳು. ಐದಕ್ಕೂ ಸಹಿ ಮಾಡಿಕೊಟ್ಟಳು.

ಗಾಲಿಮಂಚ ಒಳಗೆ ಹೋಗಿ ಬಾಗಿಲು ಮುಚ್ಚಿ ಐದು ನಿಮಿಷವೂ ಆಗಿರಲಿಲ್ಲ. ಸಿದ್ದಲಿಂಗನ ಜೇಬಿನಲ್ಲಿ ಶರಣುವಿನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಶಿವಾನಿ' ಎಂದಿತ್ತು. ಸಿದ್ದಲಿಂಗ ಫೋನನ್ನು ಕೆಂಡದಂತೆ ಚಂದ್ರವ್ವನ ಕೈಗೆ ದಾಟಿಸಿದ.

"ಊಟ ಆತೇನ್ರಿ?" ಎಂದಿತು ಆ ಕಡೆಯ ದನಿ.

ಶಿವಾನಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಸಣ್ಣ ಹೆಣ್ಣು, ಸೆರಗಿಗೆ ದಾರದ ಎಳೆಗಳು ಅಂಟಿಕೊಂಡಿದ್ದವು. ಕಿರುಚಲಿಲ್ಲ. ಆಪರೇಷನ್ ಮುಗಿದು ಮಲಗಿದ್ದ ಗಂಡನನ್ನು, ಮಣಿಕಟ್ಟಿನಲ್ಲಿ ಮುಗಿದುಹೋದ ಕೈಯನ್ನು ನೋಡಿದಳು. ಮೊಣಕೈ ಉಳಿಯಿತು ಎಂದು ಡಾಕ್ಟರಮ್ಮ ಹೇಳಿದ್ದು ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

"ತಗೀರಿ ಅಂತ ಹೇಳಿದವರ‍್ಯಾರು?"

"ನಾನು," ಎಂದಳು ಚಂದ್ರವ್ವ.

"ನೀವು ನಮಗೇನಾಗಬೇಕ್ರಿ?"

"ಏನೂ ಅಲ್ಲವ್ವಾ. ಪರಿಚಯದಾಕಿ ಅಂತ ಬರದು ಸಹಿ ಮಾಡೀನಿ."

ಶಿವಾನಿ ಸ್ಟೂಲೊಂದನ್ನು ಅವಳತ್ತ ಸರಿಸಿದಳು. "ಹಂಗಂದ್ರ ಹೋಗಬ್ಯಾಡ್ರಿ," ಎಂದಳು. "ಅವರು ಕಣ್ಣು ತಗದಾಗ ಕೈ ಹೋತು ಅಂತ ನನ್ನ ಬಾಯಿಲೆ ಹೇಳಾಕ ಆಗಂಗಿಲ್ಲ. ಸಹಿ ಮಾಡಿದವರು ನೀವು. ಹೇಳೂದೂ ನೀವಽ."

ಲಕ್ಕಮ್ಮ ಮನೆಗೆ ಹೊರಟಳು. ಚಂದ್ರವ್ವ ಮಂಚದ ಬದಿಯ ಸ್ಟೂಲಿನ ಮೇಲೆ ಕೂತಳು. ಉಗುರಿನ ಸಂದಿಯಲ್ಲಿ ಅವರೆಯ ಸೊಗಡು ಇನ್ನೂ ಇತ್ತು. ದೀಪ ಹಚ್ಚುವ ಹೊತ್ತಿಗೆ ಶರಣು ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ. ಆಮೇಲೆ ಚಂದ್ರವ್ವನನ್ನು ಕಂಡವನೇ ಗಾಬರಿಯಾದ.

"ವೈನಿ, ಅಪ್ಪಾಸಾಹೇಬಣ್ಣಗೂ ಪೆಟ್ಟಾತೇನ್ರಿ?"

"ಇಲ್ಲ ತಮ್ಮಾ. ಅವರು ಆರಾಮ ಅದಾರ." ಅವಳು ಸ್ಟೂಲನ್ನು ಮುಂದೆ ಎಳೆದುಕೊಂಡು ಅವನ ಎಡಗೈಯನ್ನು ಹಿಡಿದುಕೊಂಡಳು. "ನಿಂಗೊಂದು ಹೇಳೂದದ. ನಾ ಮಾಡಿದ್ದು. ಕೇಳು."