ಸೊನ್ನೆ ಡಿಗ್ರಿಯ ನೀರು

ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ ಶಶಿಕಾಂತ ಮತ್ತು ಭಾರತಿ ಕೂಡಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದರು. ಇಬ್ಬರೂ ಡಿಪ್ಲೊಮಾದಲ್ಲಿ ಒಂದೇ ಕ್ಲಾಸಿನವರು. ಶಶಿಕಾಂತ ವ್ಯಾಪಾರಸ್ಥರ ಮನೆಯವನು, ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದ. ಭಾರತಿ ರೋಣದಿಂದ ಬಸ್ಸಿಗೆ ಬಂದು ಹೋಗುತ್ತಿದ್ದಳು. ಯಂತ್ರದ ಒಳಗಿನ ಕೆಲಸವೆಲ್ಲ ಅವಳದು.

ಮದುವೆ ವಿಡಿಯೋ ಎಡಿಟ್ ಮಾಡುವವರ ಕಂಪ್ಯೂಟರುಗಳು ಬೇಸಿಗೆಯಲ್ಲಿ ಕಾದು ಕಾದು ನಿಂತುಬಿಡುತ್ತಿದ್ದವು. ಇವರು ಅವಕ್ಕೆ ಪೈಪಿನಲ್ಲಿ ನೀರು ಹರಿಸಿ ತಂಪು ಮಾಡುವ ಏರ್ಪಾಟು ಕೂಡಿಸಿ ಕೊಟ್ಟರು. ನೀರಿನ ಬಿಸಿಯನ್ನು ಸೆನ್ಸರಿನಿಂದ ತಿಳಿದು ಪಂಪನ್ನೂ ಫ್ಯಾನುಗಳನ್ನೂ ಹತೋಟಿಯಲ್ಲಿಡಲು ಅಂಗೈಯಗಲದ ಒಂದು ಡಬ್ಬಿ ಇರುತ್ತಿತ್ತು. ಆ ಡಬ್ಬಿ ವಿಂಡೋಸ್ ಜೊತೆ ಮಾತ್ರ ಮಾತಾಡುವುದು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡವರ ಪಾಲಿಗೆ ಮೂಕ. ಡಬ್ಬಿ ಮಾಡುವ ಕಂಪನಿಯವರಿಗೆ ಎಷ್ಟು ಬರೆದರೂ ಉತ್ತರ ಬರಲಿಲ್ಲ.

ಭಾರತಿ ಹಟಕ್ಕೆ ಬಿದ್ದಳು. ಡಬ್ಬಿಯಿಂದ ಕಂಪ್ಯೂಟರಿಗೆ ಹರಿದು ಬರುವ ಅಂಕಿಗಳನ್ನೇ ನೋಡುತ್ತ ಕೂತಳು. ಬಿಸಿನೀರು ಹಾಕಿದಾಗ ಯಾವ ಅಂಕಿ ಏರಿತು, ಫ್ಯಾನು ತಡೆದು ಹಿಡಿದಾಗ ಯಾವುದು ಇಳಿಯಿತು ಎಂದು ಒಂದೊಂದನ್ನೇ ಗುರುತು ಹಿಡಿಯುತ್ತ ಹೋಗಿ, ವರ್ಷ ಕಳೆಯುವುದರೊಳಗೆ ಡ್ರೈವರ್ ಬರೆದಳು. ಲಿನಕ್ಸಿಗೂ ಡಬ್ಬಿಗೂ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಮು ಅದು. ಲಿನಕ್ಸ್ ನೋಡಿಕೊಳ್ಳುವ ಹಿರಿಯರು ಒಪ್ಪಿದರೆ, ಬರೆದವರ ಹೆಸರಿನೊಂದಿಗೆ ಅದು ಎಲ್ಲ ದೇಶಗಳ ಯಂತ್ರಗಳನ್ನೂ ಸೇರುತ್ತದೆ.

ಕಳಿಸಬೇಕೆನ್ನುವಾಗ ಅವಳ ತಂದೆ ಹುಚ್ಚಪ್ಪನಿಗೆ ಲಕ್ವಾ ಹೊಡೆಯಿತು. ಅವಳು ದವಾಖಾನೆಯಲ್ಲೇ ಉಳಿದಳು. ತಂದೆಯನ್ನು ಮನೆಗೆ ಕರೆತಂದು ಅಂಗಡಿಗೆ ಬರುವಷ್ಟರಲ್ಲಿ ಡ್ರೈವರ್ ಹೋಗಿಯೂ ಆಗಿತ್ತು, ಒಪ್ಪಿಗೆಯೂ ಬಂದಿತ್ತು. ಬರೆದವರ ಹೆಸರಿನ ಜಾಗದಲ್ಲಿ ಶಶಿಕಾಂತನ ಹೆಸರಿತ್ತು.

"ನೀ ದವಾಖಾನ್ಯಾಗ ಇದ್ದಿ, ತಡಾ ಆಗೂದು ಬ್ಯಾಡಂತ ನಾ ಕಳಿಸಿದ್ನಿ," ಅಂದ ಅವನು. "ಅಂಗಡಿ ಇಬ್ಬರದೂ ಐತಿ. ಹೆಸರ ಯಾರದ ಇದ್ರೇನು?"

"ಯಾರದ ಇದ್ರೂ ನಡೀತಿತ್ತಂದ್ರ ನಂದ ಯಾಕ ಹಾಕಲಿಲ್ಲ?"

ಅವನು ಗಿರಾಕಿಯ ಕಡೆ ತಿರುಗಿದ. ಆಮೇಲೆ ಅದೇ ಕಂಪನಿಯವರು ಅವನನ್ನು ಹುಡುಕಿಕೊಂಡು ಬಂದು ತಮ್ಮ ಲಿನಕ್ಸ್ ಕೆಲಸಕ್ಕೆ ಇಟ್ಟುಕೊಂಡರು. ಅಂಗಡಿಯ ಬೋರ್ಡಿನಲ್ಲಿ ಅವನ ಹೆಸರೊಂದೇ ಉಳಿಯಿತು. ಭಾರತಿ ತನ್ನ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡು ರೋಣದ ಬಸ್ಸು ಹತ್ತಿದಳು. ಅವತ್ತಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಊಟಕ್ಕೆ ಕೂತರೂ, ತಂದೆಯ ಕೈ ತಿಕ್ಕುತ್ತ ಕೂತರೂ ಅವನ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ, ಮನೆಯ ಪಡಸಾಲೆಯಲ್ಲಿ ಕೂತು ತನ್ನ ಡಬ್ಬಿಯನ್ನು ಪರೀಕ್ಷಿಸುತ್ತಿದ್ದಾಗ ಸೆನ್ಸರಿನ ತಂತಿ ಕಳಚಿತು. ಡಬ್ಬಿ "ಸೆನ್ಸರ್ ಇಲ್ಲ" ಎನ್ನುವ ಬದಲು ಸೊನ್ನೆ ಕಳಿಸಿತು. ಡ್ರೈವರ್ ಅದನ್ನು ಸೊನ್ನೆ ಡಿಗ್ರಿ ಎಂದೇ ಓದಿ, ನೀರು ಮಂಜುಗಡ್ಡೆಯಷ್ಟು ತಣ್ಣಗಿದೆಯೆಂದು ಫ್ಯಾನನ್ನೂ ಪಂಪನ್ನೂ ನಿಲ್ಲಿಸಿಬಿಟ್ಟಿತು. ತಪ್ಪು ಅವಳದೇ. ಆದರೆ ಈಗ ಹೆಸರು ಅವಳದಲ್ಲ. ಎರಡು ಸಾಲು ಸೇರಿಸಿದರೆ ಸರಿಹೋಗುತ್ತಿತ್ತು. ಸೇರಿಸಿಯೂ ನೋಡಿದಳು, ಸರಿಹೋಯಿತು. ಯಾರಿಗೂ ಕಳಿಸಲಿಲ್ಲ.

'ಬಿಸಿಲು ಏರಲಿ,' ಅಂದುಕೊಂಡಳು.

ಬಿಸಿಲು ಏರಿತು. ಲಿನಕ್ಸಿನವರ ವೆಬ್‌ಸೈಟಿನಲ್ಲಿ ಎಲ್ಲೆಲ್ಲಿಂದಲೋ ದೂರುಗಳು ಬೀಳತೊಡಗಿದವು. ಪಂಪು ನಿಂತಿತು, ಪೈಪು ಮೆತ್ತಗಾಯಿತು, ಕಂಪ್ಯೂಟರಿನ ಬೋರ್ಡ್ ಸುಟ್ಟಿತು. ಭಾರತಿ ಪ್ರತಿಯೊಂದನ್ನೂ ಚಹಾ ಕುಡಿಯುತ್ತ ನಿಧಾನವಾಗಿ ಓದುತ್ತಿದ್ದಳು. ಶಶಿಕಾಂತ ಎಲ್ಲರಿಗೂ "ವೈರಿಂಗ್ ನೋಡಿಕೊಳ್ಳಿ" ಎಂದಷ್ಟೇ ಉತ್ತರಿಸುತ್ತಿದ್ದ. ಹಿರಿಯರಲ್ಲೊಬ್ಬರು, ಡಬ್ಬಿ ಕಳಿಸುವ ಅಂಕಿಗಳಲ್ಲಿ ನಡುವಿನ ಮೂರನ್ನು ಡ್ರೈವರ್ ಯಾಕೆ ಬಿಟ್ಟು ಓದುತ್ತದೆ ಎಂದು ಅವನನ್ನೇ ಕೇಳಿದರು. ಆ ದಿನವೇ ಅವನ ಫೋನು ಬಂತು.

"ಭಾರತಿ, ಆ ಮೂರ ಅಂಕಿ ಯಾಕ ಬಿಟ್ಟಿದ್ದಿ?"

"ಬರದಾಂವ ನೀನ ಅಲ್ಲಾ? ನೀನ ಹೇಳು," ಅಂದು ಫೋನಿಟ್ಟಳು. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡಳು.

ಮರುವಾರ ನರಗುಂದದ ಆಸಿಫಾ ಬಾಡಿಗೆ ಗಾಡಿಯಲ್ಲಿ ತನ್ನ ಕಂಪ್ಯೂಟರ್ ಹೇರಿಕೊಂಡು ರೋಣದ ಮನೆಗೆ ಬಂದಳು. ಮದುವೆ ವಿಡಿಯೋ ಎಡಿಟ್ ಮಾಡುವ ಆಸಿಫಾ ಗಜೇಂದ್ರಗಡದ ಅಂಗಡಿಯ ಮೊದಲ ಗಿರಾಕಿ. ಲಿನಕ್ಸ್ ಬೇಕೆಂದು ಕೇಳಿದವಳೂ ಅವಳೇ. ಕ್ಯಾಬಿನೆಟ್ ಬಿಚ್ಚಿದರೆ ಪೈಪು ಬಾಗಿ ಕೀಲಿನಿಂದ ಜಾರಿತ್ತು. ನೀರೆಲ್ಲ ಕೆಳಗಿನ ಡಿಸ್ಕಿನ ಮೇಲೆ ಸುರಿದಿತ್ತು. ಸೆನ್ಸರಿನ ತಂತಿ ಕಳಚಿ ಜೋತಾಡುತ್ತಿತ್ತು.

"ಡಿಸ್ಕಿನ್ಯಾಗ ಪುರ್ತಗೇರಿ ಊರಾನ ಒಂದ ಮದುವಿ ಐತಿ," ಅಂದಳು ಆಸಿಫಾ. "ಮದುಮಗಳ ಅಜ್ಜಿ ಮದುವಿ ಆಗಿ ಹದಿನೈದ ದಿನಕ್ಕ ತೀರಿಹೋದ್ಲು. ಆಕಿ ನಗೂದು, ಮಾತಾಡೂದು ಇದರಾಗ ಬಿಟ್ರ ಎಲ್ಲೂ ಇಲ್ಲ. ಕ್ಯಾಮೆರಾ ಕಾರ್ಡ್ ಅಳಸೇನಿ."

ಭಾರತಿ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದಳು. ಡಿಸ್ಕು ಬದುಕಲಿಲ್ಲ.

"ಇದು ಹ್ಯಾಂಗ ಆತು?"

ಸುಳ್ಳು ಹೇಳಬಹುದಿತ್ತು. ಭಾರತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಸಿಫಾ ತಂತಿಯನ್ನು ಬೆರಳಿನಲ್ಲಿ ಹಿಡಿದು ಕೇಳಿದಳು:

"ನಿನಗ ಯಾವಾಗಿಂದ ಗೊತ್ತಿತ್ತು?"

"ಬ್ಯಾಸಿಗಿ ಶುರುವಿನಿಂದ."

"ನನಗೊಂದ ಫೋನ್ ಮಾಡಾಕ ಆಗಲಿಲ್ಲ?"

"ನಿನ್ನ ಹೆಸರ ನನ್ನ ತಲ್ಯಾಗ ಬರಲಿಲ್ಲ. ಅವನ ಹೆಸರ ಒಂದ ಇತ್ತು."

ಆಸಿಫಾ ಕಂಪ್ಯೂಟರನ್ನು ಅಲ್ಲೇ ಬಿಟ್ಟು ಹೋದಳು. ಆಗಲಾದರೂ ಭಾರತಿಯ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಇದೂ ಶಶಿಕಾಂತನಿಂದಲೇ ಆದದ್ದು ಎಂದು ಅವನ ಲೆಕ್ಕಕ್ಕೇ ಸೇರಿತು. ಅವಳು ಹೊಸದೇ ಒಂದು ಡ್ರೈವರ್ ಬರೆದಳು. ಆ ಕಂಪನಿಯ ಹಳೇ ಹೊಸ ಡಬ್ಬಿಗಳೆಲ್ಲ ಅದರಲ್ಲಿ ನಡೆಯುತ್ತಿದ್ದವು, ಸೆನ್ಸರ್ ಕಳಚಿದರೂ ಪಂಪು ನಿಲ್ಲುತ್ತಿರಲಿಲ್ಲ. ಯಾವ ಅಂಕಿ ಏನು, ಯಾವುದನ್ನು ಯಾಕೆ ಬಿಡಬೇಕು ಎಂದು ಸಾಲು ಸಾಲಿಗೂ ವಿವರಣೆ ಕೊಟ್ಟು ತನ್ನ ಹೆಸರಿನಲ್ಲಿ ಕಳಿಸಿದಳು. ಜೊತೆಗೆ ಇನ್ನೊಂದು ಕೋರಿಕೆ: ಹಳೆಯ ಡ್ರೈವರನ್ನು ಪೂರಾ ತೆಗೆದುಹಾಕಬೇಕು.

ಶಶಿಕಾಂತ ರೋಣಕ್ಕೇ ಬಂದ. ಮಂಚದ ಮೇಲಿದ್ದ ಹುಚ್ಚಪ್ಪನ ಕಾಲಿಗೆ ನಮಸ್ಕರಿಸಿದ. ಮಾತು ಬಾರದ ಹುಚ್ಚಪ್ಪ, ಆಡುತ್ತಿದ್ದ ಎಡಗೈಯಿಂದ ಅವನಿಗೆ ಕುರ್ಚಿ ತೋರಿಸಿದ. ಭಾರತಿ ಆ ಕುರ್ಚಿಯನ್ನು ಎತ್ತಿ ಒಳಗಿಟ್ಟು ಬಂದಳು.

"ಹೊಸಾದು ನಿನ್ನ ಹೆಸರಿನ್ಯಾಗ ಇರ್ಲಿ," ಅಂದ ಶಶಿಕಾಂತ ನಿಂತೇ. "ಹಳೇದನ್ನ ತಗಸಬ್ಯಾಡ. ಕಂಪನ್ಯಾವ್ರು ನನ್ನ ಇಟ್ಕೊಂಡಿದ್ದ ಅದನ್ನ ನೋಡಿ."

"ಅದಕ್ಕಽ ತಗಸಾಕತ್ತೀನಿ."

"ತಪ್ಪಾಗೇತಿ ಅಂತ ಎಲ್ಲರ ಮುಂದ ಬರೀತೀನಿ."

"ಬರೀಬ್ಯಾಡ. ಬರದ್ರ ನೀ ದೊಡ್ಡಾಂವ ಆಗ್ತಿ."

ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವುದನ್ನು ಅವಳು ನಿಂತು ನೋಡಿದಳು. ಮಳೆಗಾಲ ಹಿಡಿಯುವಷ್ಟರಲ್ಲಿ ಹಿರಿಯರು ಹೊಸ ಡ್ರೈವರನ್ನು ಒಪ್ಪಿದರು, ಹಳೆಯದನ್ನು ಅಳಿಸಿದರು. ಕಂಪನಿಯವರು ಶಶಿಕಾಂತನನ್ನು ಬಿಟ್ಟರು. ಆ ಕೆಲಸಕ್ಕೆ ಕರೆದು ಅವರಿಂದ ಭಾರತಿಗೆ ಪತ್ರ ಬಂತು, ಅವಳು ಉತ್ತರಿಸಲಿಲ್ಲ.

ಆಸಿಫಾಳ ಕಂಪ್ಯೂಟರನ್ನು ಹೊಸ ಬೋರ್ಡ್ ಹಾಕಿ ಸಿದ್ಧ ಮಾಡಿ, ಭಾರತಿಯೇ ನರಗುಂದಕ್ಕೆ ಒಯ್ದಳು. ಆಸಿಫಾ ಬಾಗಿಲು ತೆಗೆದು ಪ್ಲಗ್ಗಿನ ಜಾಗ ತೋರಿಸಿದಳು. ಪಂಪು ತಿರುಗಿತು, ಪರದೆಯ ಮೇಲೆ ನೀರಿನ ಬಿಸಿ ಸರಿಯಾಗಿ ಕಂಡಿತು. ಭಾರತಿ ಚೀಲ ಎತ್ತಿಕೊಂಡಾಗ ಆಸಿಫಾ ಅಂದಳು:

"ಕುಂದ್ರು. ಪುರ್ತಗೇರಿಯವ್ರಿಗೆ ಬರಾಕ ಹೇಳೇನಿ. ವಿಡಿಯೋ ಯಾಕ ಇಲ್ಲ ಅನ್ನೂದನ್ನ ನೀನ ಹೇಳು."

ಬಂದವಳು ಮದುಮಗಳ ತಾಯಿ ಕಳಕವ್ವ, ತೀರಿಹೋದ ಅಜ್ಜಿಯ ಮಗಳು. ಭಾರತಿ ಎಲ್ಲವನ್ನೂ ಹೇಳಿದಳು. ಸೆನ್ಸರು, ಡ್ರೈವರು ಕಳಕವ್ವನಿಗೆ ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು.

"ಆ ಹುಡುಗನ ಮ್ಯಾಲಿನ ಸಿಟ್ಟಿಗೆ ನಮ್ಮವ್ವನ್ನ ಯಾಕ ಹಿಡದ್ಯವ್ವಾ?" ಎಂದು ಕೇಳಿದಳು. ಬೈಯಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು.

ಕಳಕವ್ವ ಉತ್ತರಕ್ಕೆ ಕಾದು ನೋಡಿ, ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದಳು. ಆಸಿಫಾ ಕಂಪ್ಯೂಟರಿನ ಕಡೆ ತಿರುಗಿ ಕೆಲಸಕ್ಕೆ ಕೂತಳು.

ರೋಣದ ಬಸ್ಸಿನಲ್ಲಿ ಭಾರತಿ ಕಿಟಕಿಯ ಪಕ್ಕ ಕೂತಳು. ಈಗ ಕಳಕವ್ವನ ಮುಖ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಶಶಿಕಾಂತನನ್ನು ನೆನೆದು ನೋಡಿದಳು. ಅವನ ಮೇಲೆ ಕನಿಕರ ಆಗಲೂ ಹುಟ್ಟಲಿಲ್ಲ.