ಹಗ್ಗದಾಚೆಯ ಕಲ್ಲುಕಟ್ಟೆ

ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೆಂಪು ಚೆಂಡುಗಳನ್ನು ಪೋಣಿಸಿ ಕೆರೆಯಲ್ಲಿ ತೇಲಿಬಿಟ್ಟ ಹಗ್ಗವನ್ನು ಕಾಲಿನಿಂದ ಒತ್ತಿ ಅಜ್ಜ ಆಚೆ ದಾಟಿದ. ಹಿಂದಿನಿಂದ ಕಾವಲಿನ ಹುಡುಗಿಯ ಸೀಟಿ ಕೇಳಿಸಿತು. ಅವನು ತಿರುಗಲಿಲ್ಲ.

"ಅಜ್ಜಾ, ಆ ಅಕ್ಕ ಕರೀತಿದ್ದಾಳೆ."

"ಕರೀಲಿ ಬಿಡು. ಅವಳು ತೊಟ್ಟಿಲಲ್ಲಿದ್ದಾಗ್ಲೇ ನಾನಿಲ್ಲಿ ಮೂಟೆ ಹೊರ್ತಿದ್ದೆ."

ಸುಳ್ಳೇನಲ್ಲ. ಈಗ ಊರವರೆಲ್ಲ ಬಿಟ್ಟಿಯಾಗಿ ಈಜುವ ಈ ಕೆರೆದಂಡೆ, ಆಗ ಕಲ್ಲಿದ್ದಲ ದೋಣಿಗಳು ನಿಲ್ಲುವ ಜಾಗ. ದೋಣಿಗಳ ಕಾಲ ಮುಗಿಯಿತು. ನಗರಸಭೆ ಲಾರಿಗಟ್ಟಲೆ ಮರಳು ಸುರಿಸಿತು, ಗಾಲಿಕುರ್ಚಿ ಇಳಿಯಲು ಇಳಿಜಾರು ಹಾಕಿಸಿತು, ಕಾವಲಿಗೆ ಎತ್ತರದ ಕುರ್ಚಿ ಇಟ್ಟಿತು. ಆದರೆ ನೀರಿನಡಿಯ ಹಳೆಯ ಕಲ್ಲುಕಟ್ಟೆ ಅಜ್ಜನ ಕಾಲಿಗೆ ಬಾಯಿಪಾಠ: ನಲವತ್ತು ಹೆಜ್ಜೆ, ಸೊಂಟದವರೆಗೆ ನೀರು. ಹಮಾಲರ ಮಕ್ಕಳಿಗೆಲ್ಲ ಮೊದಲ ಮುಳುಗು ಅದರ ತುದಿಯಲ್ಲೇ ಆಗಿತ್ತು. ಮೊಮ್ಮಗಳಿಗೂ ಅಲ್ಲೇ ಆಗಬೇಕು. ಕೆಂಪು ಬಾವುಟ ಹಾರಿಸಿದ್ದಾರೆ, ಸೆಳೆತ ಜೋರಾಗಿದೆ ಎಂದು ಸೊಸೆ ಗೋಗರೆದಿದ್ದಳು. ಬಟ್ಟೆಚೂರಿಗೆ ಹೆದರುವವನೇ ನಾನು ಎಂದು ಅಜ್ಜ ನಕ್ಕಿದ್ದ.

ಮೂವತ್ತಾರು. ಮೂವತ್ತೇಳು.

ಮೂವತ್ತೆಂಟನೆಯ ಹೆಜ್ಜೆಗೆ ನೆಲವಿರಲಿಲ್ಲ.

ಮೂಗಿಗೆ ನೀರು ನುಗ್ಗಿತು. ಮಗುವನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದ. ತಾನು ಇಳಿಯುತ್ತಲೇ ಹೋದ. ಕಾಲು ಕಟ್ಟೆಗಾಗಿ ತಡಕಾಡಿತು. ತಣ್ಣನೆಯ ನೀರಷ್ಟೇ ಸಿಕ್ಕಿತು. ತೋಳಿನ ಬಲ ಸೋರುತ್ತಿದ್ದಂತೆ ಕೈ ಫಕ್ಕನೆ ಹಗುರಾಯಿತು. ಮಗು ಜಾರಿತೋ, ಯಾರಾದರೂ ಎತ್ತಿಕೊಂಡರೋ ತಿಳಿಯಲಿಲ್ಲ.

ಕಣ್ಣು ಬಿಟ್ಟಾಗ ಮರಳ ಮೇಲಿದ್ದ. ಮಗು ಸೊಸೆಯ ಮಡಿಲಲ್ಲಿ ಕೆಮ್ಮುತ್ತಿತ್ತು. ಸೊಸೆ ಅಜ್ಜನತ್ತ ಬೆನ್ನು ತಿರುಗಿಸಿ ಮಗುವಿನ ತಲೆ ಒರೆಸಿದಳು. ಅದೇ ಹೆಚ್ಚು ಚುಚ್ಚಿತು. ಕಾವಲಿನ ಹುಡುಗಿ ಪಕ್ಕದಲ್ಲಿ ಏದುಸಿರು ಬಿಡುತ್ತ ಕೂತಿದ್ದಳು.

"ಅಲ್ಲಿ ಕಟ್ಟೆ ಇತ್ತಮ್ಮಾ," ಎಂದ ಅಜ್ಜ.

"ಇತ್ತು. ಬೀಚ್ ಮಾಡುವಾಗ ಕಿತ್ತು, ಅಲೆ ತಡೆಯೋಕೆ ಅಂತ ದಡದ ಪಕ್ಕ ಒಟ್ಟಿದ್ದಾರೆ. ಮರಳು ಮುಗಿದ್ರೆ ಮುಂದೆ ಮೂರಾಳು ನೀರು. ನೀವು ದಿನಾ ಬೆನ್ನು ಆನಿಸ್ಕೊಂಡು ಕೂರೋ ಕಲ್ಲು ಯಾವುದು ಅನ್ಕೊಂಡಿದ್ರಿ ಅಜ್ಜಾ?"

ಅಜ್ಜ ಕತ್ತು ಹೊರಳಿಸಿ ನೋಡಿದ. ಮೂಟೆ ಹೊತ್ತಾಗ ಜಾರದಿರಲೆಂದು ಹಮಾಲರೇ ಉಳಿಯಿಂದ ಕೊರೆದ ಗೀರುಗಳು ಕಲ್ಲಿನ ಮೇಲೆ ಹಾಗೇ ಇದ್ದವು. ಕಾಲಿಗೆ ಗೊತ್ತಿದ್ದುದು ಬೆನ್ನಿಗೆ ಗೊತ್ತಾಗಿರಲಿಲ್ಲ.

ನೀರಿಗಿಳಿಯುವ ಮುಂಚೆ ನೀವೂ ಬಾವುಟ ನೋಡಿ. ಸೀಟಿ ಕೇಳಿದರೆ ತಿರುಗಿ. ಹಗ್ಗ ದಾಟಬೇಡಿ. ಕೆರೆಯೊಡನೆ ನಿಮಗೆ ಹಳೆಯ ನಂಟೇ ಇರಬಹುದು; ಅದರಡಿಯ ನೆಲ ನಿಮ್ಮನ್ನು ಕೇಳಿ ಬದಲಾಗುವುದಿಲ್ಲ.

ಮುಂದಿನ ಭಾನುವಾರ ಹಸಿರು ಬಾವುಟವಿತ್ತು. ಅಜ್ಜನ ಜೊತೆ ಮೂಟೆ ಹೊತ್ತಿದ್ದ ಹಳೆಯ ಗೆಳೆಯ ಹಗ್ಗವನ್ನು ಎತ್ತಿ ಹಿಡಿದು ಕರೆದ.

"ಬಾರೋ, ನೀರು ಇವತ್ತು ಹಸುವಿನ ಹಾಗಿದೆ. ಆಚೆ ನಾಲ್ಕೇ ಹೆಜ್ಜೆ. ನಾನು ಕೈ ಹಿಡ್ಕೋತೀನಿ."

ಅಜ್ಜ ಹಗ್ಗದ ಈಚೆ ಮೊಣಕಾಲುದ್ದದ ನೀರಿನಲ್ಲಿ ಮೊಮ್ಮಗಳ ಕೈ ಹಿಡಿದು ನಿಂತಿದ್ದ.

"ಬರಲ್ಲ," ಎಂದ.